‘ಗಮನ ಸೆಳೆದರು’

ದೀಪಾವಳಿ ಕಳೆದು ಮೇಳಗಳು ಹೊರಟವೆಂದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಸ್ಥಳೀಯ ಸುದ್ದಿಗಳಲ್ಲಿ ಮಳೆಗಾಲ ಹಿಡಿಯುವ ತನಕ ಒಂದೇ ವಾಕ್ಯ ತಿರುಗುತ್ತಿರುತ್ತದೆ. ಇಂಥವರು ಕೌರವನಾಗಿ ಗಮನ ಸೆಳೆದರು. ಇಂಥವರು ಭೀಮನ ಪಾತ್ರಕ್ಕೆ ಜೀವ ತುಂಬಿದರು. ಭಾಗವತರು ಸುಶ್ರಾವ್ಯವಾಗಿ ಹಾಡಿ ರಂಜಿಸಿದರು. ಮದ್ದಳೆ, ಚಂಡೆಯಲ್ಲಿ ಇಂಥಿಂಥವರು ಸಹಕರಿಸಿದರು. ಕೊನೆಗೆ ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು. ಊರಿನ ಹೆಸರು, ದಿನಾಂಕ ಅದಲುಬದಲು ಮಾಡಿ ಅಚ್ಚು ಹಾಕಿದರೂ ಯಾರಿಗೂ ಗೊತ್ತಾಗದಷ್ಟು ಇವು ಒಂದರಂತೆ ಇನ್ನೊಂದು ಇರುತ್ತವೆ. ಕೌರವನಾದವರು ಏನು ಮಾಡಿದ್ದಕ್ಕೆ ನಮ್ಮ ಗಮನ ಅತ್ತ ಹೋಯಿತು? ಜೀವ ತುಂಬುವ ಮೊದಲು ಭೀಮ ನಿರ್ಜೀವವಾಗಿದ್ದನೆ?

ವರದಿಗಾರರನ್ನು ಬೈಯುವುದು ಸುಲಭ. ಸಭಾ ಕಾರ್ಯಕ್ರಮ ಮುಗಿಯುತ್ತಲೇ ಸುದ್ದಿ ಕಳಿಸಬೇಕಾದವರು ಆಟದ ಕೊನೆಯ ಪದ್ಯ ಕೇಳುವ ತನಕ ಕೂರುವುದು ಹೇಗೆ? ನನ್ನ ತಕರಾರು ಬೇರೆ. ಭಟ್ಕಳದಿಂದ ಕುಮಟಾದ ತನಕ ಹೆದ್ದಾರಿಗುಂಟ ಸುಮಾರು 60 ಕಿಲೋಮೀಟರ್. ಈ ಹಾದಿಯ ಎರಡೂ ಬದಿಯ ಊರುಗಳಲ್ಲಿ ಯಕ್ಷಗಾನವನ್ನು ವಿವರ ಹಿಡಿದು, ನಿಷ್ಠುರವಾಗಿ ಅಳೆಯಬಲ್ಲ ಪ್ರೇಕ್ಷಕರು ತಲೆಮಾರುಗಳಿಂದ ಇದ್ದಾರೆ. ಆದರೂ ಅವರ ಮಾತಿನ ಒಂದಂಶವೂ ಬರಹಕ್ಕೆ ಇಳಿಯುವುದಿಲ್ಲ. ಇದೇ ಕುಮಟಾ ತಾಲೂಕಿನ ಗೋಕರ್ಣದಲ್ಲಿ ಕೂತು ಗೌರೀಶ ಕಾಯ್ಕಿಣಿ ಜಗತ್ತಿನ ಸಾಹಿತ್ಯವನ್ನೆಲ್ಲ ಕನ್ನಡದ ವಿಮರ್ಶೆಗೆ ತಂದರು. ಪುಸ್ತಕವನ್ನು ಹಾಗೆ ಓದುವುದು ಗೊತ್ತಿದ್ದ ನೆಲದಲ್ಲಿ ಆಟವನ್ನು ಹಾಗೆ ಬರೆಯುವುದು ಯಾಕೆ ಬೆಳೆಯಲಿಲ್ಲ? ದಕ್ಷಿಣದ ಕಡೆ ಎಂ. ಪ್ರಭಾಕರ ಜೋಶಿಯವರ ‘ಜಾಗರ’, ‘ಕೇದಗೆ’ಯಂಥ ಪುಸ್ತಕಗಳು ಬಂದು ಬಹಳ ಕಾಲವಾಯಿತು, ಯಕ್ಷಗಾನದ ಬಗ್ಗೆ ಪಾಂಡಿತ್ಯದ ಬರವಣಿಗೆ ನಮ್ಮ ಜಿಲ್ಲೆಯಲ್ಲೂ ಇದೆ. ನಾನು ಹೇಳುತ್ತಿರುವುದು ಪಾಂಡಿತ್ಯದ ಮಾತಲ್ಲ. ನಿನ್ನೆ ರಾತ್ರಿಯ ಆಟದ ಬಗ್ಗೆ ಇವತ್ತು ಬರೆಯುವ ಮಾತು.

ಆ ಮಾತು ಬಾಯಲ್ಲಿ ಹೇಗಿತ್ತು ಎಂಬುದಕ್ಕೆ ಒಂದೇ ಪಾತ್ರ ಸಾಕು. ‘ಚಂದ್ರಹಾಸ’ದ ದುಷ್ಟಬುದ್ಧಿ. ಕುಂತಳದ ಮಂತ್ರಿಯಾದ ಇವನು ಕುಳಿಂದನ ಊರಿಗೆ ಬಂದು ನೋಡುತ್ತಾನೆ: ತಾನು ಕೊಲ್ಲಿಸಿದೆನೆಂದುಕೊಂಡಿದ್ದ ಹುಡುಗ ಯುವರಾಜನಾಗಿ ಎದುರಿಗೆ ನಿಂತಿದ್ದಾನೆ. ಬಾಯಲ್ಲಿ ಹೊಗಳಬೇಕು, ಕಣ್ಣಲ್ಲಿ ಲೆಕ್ಕ ಹಾಕಬೇಕು. ವಿಷ ಕೊಡು ಎಂದು ಮಗ ಮದನನಿಗೆ ಓಲೆ ಬರೆದು ಅದನ್ನು ಆ ಹುಡುಗನ ಕೈಯಲ್ಲೇ ಕಳಿಸುತ್ತಾನೆ. ಓಲೆಯ ಅಕ್ಷರ ತಿದ್ದುವ ಮಗಳು ವಿಷಯೆ. ಸಾವಿನ ಸುದ್ದಿ ಕಾದುಕೊಂಡು ಊರಿಗೆ ಮರಳಿದ ಅಪ್ಪನಿಗೆ ಕಾಣುವುದು ಮದುವೆಯ ತೋರಣ. ಇಲ್ಲಿ ವೇಷಧಾರಿಯ ಮುಂದೆ ನಿಜವಾದ ಆಯ್ಕೆ ಇದೆ. ತೋರಣ ಕಂಡ ಕ್ಷಣ ಸಿಟ್ಟನ್ನು ಕಾಲಿಗೆ ಕೊಡಬೇಕೆ, ಕಣ್ಣಿಗೆ ಕೊಡಬೇಕೆ? ಕೂಡಲೇ ಅರ್ಥವಾಗಬೇಕೆ, ತಡವಾಗಿ ಅರ್ಥವಾಗಬೇಕೆ? ಮಂತ್ರಿಯಾದವನು ರಂಗಸ್ಥಳದಲ್ಲಿ ಎಷ್ಟು ಕುಣಿಯಬಹುದು? ಕುಣಿಯದಿದ್ದರೆ ಅದು ಯಕ್ಷಗಾನವಾಗಿ ಉಳಿದೀತೆ?

1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರ ದುಷ್ಟಬುದ್ಧಿಯೂ ಹೆಸರಾದದ್ದು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ದುಷ್ಟಬುದ್ಧಿಯೂ ಹೆಸರಾದದ್ದು. ಇಬ್ಬರೂ ಹೊನ್ನಾವರ ತಾಲೂಕಿನವರು. ಎರಡನ್ನೂ ನೋಡಿದ ಹಿರಿಯರ ಹತ್ತಿರ ಕೂತರೆ ಇವತ್ತಿಗೂ ಒಂದು ವಾದ ಏಳುತ್ತದೆ. ಒಂದು ಕಡೆಯವರಿಗೆ ಔಚಿತ್ಯವೇ ಮುಖ್ಯ: ಮಂತ್ರಿ ಮಂತ್ರಿಯ ಹಾಗೇ ಇರಬೇಕು. ಇನ್ನೊಂದು ಕಡೆಯವರಿಗೆ ಮಂತ್ರಿಯೊಳಗೆ ಕುದಿಯುವುದು ಕಾಣಬೇಕು, ಕಾಣುವುದಕ್ಕೆ ಕುಣಿತ ಬೇಕು. ‘ಕೆರೆಮನೆ’, ‘ಚಿಟ್ಟಾಣಿ’ ಎಂಬ ಎರಡು ಹೆಸರುಗಳ ಮೇಲೆ ಈ ಊರುಗಳು ನಡೆಸಿದ ಜಗಳ ಕಲೆಯ ಬಗೆಗಿನ ಜಗಳವೇ ಆಗಿತ್ತು. ರಸ, ಔಚಿತ್ಯ ಎಂದೆಲ್ಲ ನಾವು ತರಗತಿಯಲ್ಲಿ ಓದುವ ಪದಗಳಿಗೆ ಇಲ್ಲಿ ಮನುಷ್ಯರ ಹೆಸರಿತ್ತು, ಅಷ್ಟೆ.

ಇಂಥ ವಾದ ಸಾಧ್ಯವಾದದ್ದು ಹೋಲಿಕೆಗೆ ಅವಕಾಶವಿದ್ದುದರಿಂದ. ಕತೆ ಎಲ್ಲರಿಗೂ ಗೊತ್ತು, ಪದ್ಯ ಹಲವರಿಗೆ ಬಾಯಿಪಾಠ. ಅದೇ ಪ್ರಸಂಗ ಈ ವಾರ ಇಲ್ಲಿ, ಬರುವ ತಿಂಗಳು ಪಕ್ಕದೂರಿನಲ್ಲಿ ಬೇರೆಯವರ ಕೈಯಲ್ಲಿ. ಮುಂದೇನಾಗುತ್ತದೆ ಎಂಬ ಕುತೂಹಲ ಇಲ್ಲದ ಪ್ರೇಕ್ಷಕನಿಗೆ ನೋಡಲು ಉಳಿಯುವುದು ಹೇಗೆ ಎಂಬುದೊಂದೇ. ಬೆಳಗಿನ ಚಹಾದ ಅಂಗಡಿಯಲ್ಲಿ ‘ಆ ಪದ್ಯಕ್ಕೆ ಅಷ್ಟು ಕುಣೀಬೇಕಿತ್ತಾ?’ ಎಂದು ಒಬ್ಬ ಕೇಳಿದರೆ ಅದು ಪೂರ್ಣ ಪ್ರಮಾಣದ ವಿಮರ್ಶೆ.

ಇದನ್ನು ಚಿನ್ನದ ಕಾಲವೆಂದು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಆ ಚಹಾದ ಅಂಗಡಿಯಲ್ಲಿ ಹೆಂಗಸರಿರಲಿಲ್ಲ. ಅವರೂ ಕಂಬಳಿ ಹೊದ್ದು ಬೆಳಗಿನ ತನಕ ಕೂತು ನೋಡಿದವರೇ. ಅವರ ತೀರ್ಪು ಅಡುಗೆಮನೆ, ಬಾವಿಕಟ್ಟೆ ದಾಟಲಿಲ್ಲ. ಹೆಸರಾದ ಕಲಾವಿದರಲ್ಲಿ ಬಹುಪಾಲು ಹವ್ಯಕರು. ಎದುರಿಗೆ ಗದ್ದೆಯಲ್ಲಿ ಕೂತವರು ಎಲ್ಲ ಜಾತಿಯವರು. ಯಾರ ಮೆಚ್ಚುಗೆ ‘ರಸಜ್ಞತೆ’, ಯಾರದು ‘ಗದ್ದಲ’ ಎಂಬ ವಿಂಗಡಣೆಯಲ್ಲಿ ಜಾತಿ ಕೆಲಸ ಮಾಡಲೇ ಇಲ್ಲ ಎಂದು ಹೇಳಲಾರೆ. ಚಿಟ್ಟಾಣಿಯವರ ಕುಣಿತಕ್ಕೆ ಬಿದ್ದ ಸಿಳ್ಳೆಯನ್ನು ಎಷ್ಟೋ ಜನ ಕಡೆಗಣ್ಣಿನಿಂದ ನೋಡಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಆ ನೋಟ ಸದ್ದಿಲ್ಲದೆ ಬದಲಾಯಿತು. ಅವರ ಕುಣಿತದಲ್ಲಿ ಏನಿತ್ತು ಎಂಬ ವಿಶ್ಲೇಷಣೆ ಮಾತ್ರ ಆಗಲೂ ಬೆಳೆಯಲಿಲ್ಲ. ಮೊದಲು ತಾತ್ಸಾರ ಬಂತು, ಆಮೇಲೆ ಸನ್ಮಾನ.

ಸನ್ಮಾನದ ವಿಷಯಕ್ಕೆ ಬರೋಣ. ಈಗ ಆಟ ಕೆಟ್ಟದ್ದು ಕಾಲಮಿತಿಯಿಂದ ಎಂಬ ದೂರು ಎಲ್ಲೆಲ್ಲೂ ಕೇಳುತ್ತದೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ರಾತ್ರಿಯಿಡೀ ನಡೆಯುವ ಆಟವನ್ನು ಎರಡು–ಮೂರು ತಾಸಿಗೆ ಬಿಗಿಮಾಡುವ ಕೆಲಸವನ್ನು ಗಂಭೀರವಾಗಿ ಮಾಡಿದವರಲ್ಲಿ ಕೆರೆಮನೆ ಶಂಭು ಹೆಗಡೆಯವರೂ ಒಬ್ಬರು. ಏನನ್ನು ಬಿಡಬೇಕು ಎಂದು ತೀರ್ಮಾನಿಸಲು ಏನು ಮುಖ್ಯ ಎಂದು ಗೊತ್ತಿರಬೇಕು. ಅದೂ ಒಂದು ವಿಮರ್ಶೆಯೇ. ಕೆಡಿಸಿದ್ದು ಗಡಿಯಾರಕ್ಕಿಂತ ಹೆಚ್ಚಾಗಿ ವೇದಿಕೆ. ಆರೂವರೆಗೆ ಎಂದು ಆಮಂತ್ರಣ. ಏಳೂಕಾಲಿಗೆ ದೀಪ. ಆಮೇಲೆ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಎರಡು ಪುಟದ ಅಭಿನಂದನ ಪತ್ರ. ಒಂಬತ್ತಕ್ಕೆ ಆಟ ಶುರುವಾಗುವಾಗ ಭಾಗವತರಿಗೆ ಚೀಟಿ ಬರುತ್ತದೆ, ಹನ್ನೊಂದಕ್ಕೆ ಮುಗಿಸಿ. ಕತ್ತರಿ ಬೀಳುವುದು ದುಷ್ಟಬುದ್ಧಿ ಯೋಚಿಸುವ ಜಾಗಕ್ಕೆ. ಭಾಷಣಕ್ಕೆ ಬಿದ್ದದ್ದನ್ನು ನಾನಂತೂ ಕಂಡಿಲ್ಲ.

ಇದಕ್ಕಿಂತ ಆಳದ ಕಾರಣ ದುಡ್ಡಿನದು. ಡೇರೆ ಮೇಳದ ದಿನಗಳಲ್ಲಿ ಪ್ರೇಕ್ಷಕ ಟಿಕೆಟ್ ಕೊಂಡು ಒಳಗೆ ಬರುತ್ತಿದ್ದ. ಆಟ ಸಪ್ಪೆಯಾದರೆ ಬೈಯುವ ಹಕ್ಕು ಅವನ ಕಿಸೆಯಲ್ಲಿರುತ್ತಿತ್ತು. ಆ ಬೈಗುಳ ಮುಂದಿನ ಊರಿನ ಗಲ್ಲಾಪೆಟ್ಟಿಗೆಯ ತನಕ ತಲುಪುತ್ತಿತ್ತು. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳು ಆಮೇಲೂ ಬಹಳ ಕಾಲ ತಿರುಗಿದವು, ನಿಜ. ಆದರೆ ಪೇಟೆಯ ಸಭಾಭವನಗಳ ಬಹುಪಾಲು ಆಟಗಳಿಗೆ ಈಗ ಪ್ರಾಯೋಜಕರಿದ್ದಾರೆ, ಪ್ರವೇಶ ಉಚಿತ. ಗಿರಾಕಿಯಾಗಿದ್ದ ಪ್ರೇಕ್ಷಕ ಅತಿಥಿಯಾಗಿದ್ದಾನೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮಗೆಲ್ಲ ಮನೆಯಲ್ಲೇ ಕಲಿಸಿದ್ದಾರಲ್ಲ. ಹರಕೆ ಆಟವೂ ಉಚಿತವೇ ಆಗಿತ್ತು ಎಂದು ಯಾರಾದರೂ ಕೇಳಬಹುದು. ಅಲ್ಲಿ ಹರಕೆ ದೇವರಿಗೆ ಸಂದಾಯ. ಪ್ರೇಕ್ಷಕ ಯಾರ ಋಣದಲ್ಲೂ ಇರಲಿಲ್ಲ.

ಕೆಣಕುವ ಪ್ರೇಕ್ಷಕನೊಬ್ಬ ಏನು ಮಾಡಬಲ್ಲ ಎಂಬುದಕ್ಕೆ ಈ ಊರುಗಳಿಗೇ ಸೇರಿದ ಒಂದು ಕತೆಯಿದೆ. 1842ರ ಸುಮಾರಿಗೆ ಕನ್ನಡ ಕರಾವಳಿಯ ಭಾಗವತ ಮೇಳವೊಂದು ಸಾಂಗ್ಲಿಗೆ ಹೋಗಿ ಆಟವಾಡಿತು. ಅದು ಹೊನ್ನಾವರದ ಪಕ್ಕದ ಕರ್ಕಿಯ ಮೇಳ ಎಂಬುದು ನಮ್ಮಲ್ಲಿ ಹೇಳಿಕೊಂಡು ಬಂದ ಮಾತು. ಆಟ ನೋಡಿದ ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ತಮ್ಮಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ, ಇಂಥದ್ದನ್ನು ಇನ್ನಷ್ಟು ತಿದ್ದಿ ಮರಾಠಿಯಲ್ಲಿ ಮಾಡು ಎಂದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮಹಾರಾಷ್ಟ್ರ ಆ ದಿನವನ್ನು ಇಂದಿಗೂ ರಂಗಭೂಮಿ ದಿನವೆಂದು ಆಚರಿಸುತ್ತದೆ. ನಮ್ಮ ಸಭೆಗಳಲ್ಲಿ ಈ ಕತೆ ಮರಾಠಿ ರಂಗಭೂಮಿಗೆ ನಾವೇ ತಾಯಿ ಎಂಬ ಹೆಮ್ಮೆಗಾಗಿ ಹೇಳಲ್ಪಡುತ್ತದೆ. ನನಗೆ ಅದರಲ್ಲಿ ಕಾಣುವುದು ಆಟವನ್ನು ಮೆಚ್ಚಿಯೂ ಸಾಲದು ಎಂದ ಒಬ್ಬ ಪ್ರೇಕ್ಷಕ. ಶಾಲು ಹೊದೆಸಿ ಕಳಿಸಿ ಸುಮ್ಮನಾಗಿದ್ದರೆ ಆ ನವೆಂಬರ್ 5 ಇರುತ್ತಿರಲಿಲ್ಲ.

ಇನ್ನು ಭಟ್ಕಳ. ಕರಾವಳಿಯ ಕಲೆ ಎಂದಾಗ ಹೊನ್ನಾವರದಿಂದ ದಕ್ಷಿಣಕ್ಕೆ ಬರುತ್ತ ನಾವು ಭಟ್ಕಳ ಪೇಟೆಯನ್ನು ಹಾರಿ ನೇರ ಕುಂದಾಪುರದಲ್ಲಿ ಇಳಿಯುತ್ತೇವೆ. ಈ ಪೇಟೆಯಲ್ಲಿ ಉರ್ದು ಮತ್ತು ನವಾಯತಿ ಮುಶಾಯಿರಾಗಳು ನಡೆಯುತ್ತವೆ. ನವಾಯತಿ ಎಂದರೆ ಅರಬ್ಬಿ–ಫಾರ್ಸಿ ಪದಗಳು ಬೆರೆತ, ಅರಬ್ಬಿ–ಫಾರ್ಸಿ ಲಿಪಿಯಲ್ಲಿ ಬರೆಯುವ ಕೊಂಕಣಿ. ಅದರಲ್ಲಿ ‘ನಕ್ಷೆ ನವಾಯತ್’ ಎಂಬ ಪತ್ರಿಕೆಯೂ ಬಂದಿದೆ. ಯಕ್ಷಗಾನದ ಪ್ರೇಕ್ಷಕರ ಬಗ್ಗೆ ಯೋಚಿಸುವವರು ಒಮ್ಮೆ ಮುಶಾಯಿರಾದ ಪ್ರೇಕ್ಷಕರನ್ನು ನೋಡಬೇಕು. ಕವಿ ಶೇರ್‌ನ ಮೊದಲ ಸಾಲು ಹೇಳಿ ನಿಲ್ಲುತ್ತಾನೆ, ಮತ್ತೆ ಹೇಳುತ್ತಾನೆ. ಎರಡನೇ ಸಾಲು ಬಿದ್ದೊಡನೆ ಸಭೆ ತೀರ್ಪು ಕೊಟ್ಟಾಗಿರುತ್ತದೆ. ಮೆಚ್ಚಿದರೆ ‘ವಾಹ್’. ಬಹಳ ಮೆಚ್ಚಿದರೆ ‘ಮುಕರ್ರರ್’, ಅಂದರೆ ಇನ್ನೊಮ್ಮೆ. ಸಾಲು ಸೋತರೆ ಬರೀ ಮೌನ. ಆ ಮೌನದಲ್ಲಿ ಮುಂದಿನ ಶೇರ್‌ಗೆ ಹೋಗುವುದು ಎಷ್ಟು ಕಷ್ಟವೆಂದು ಕವಿಗೇ ಗೊತ್ತು. ಯಕ್ಷಗಾನದ ತೀರ್ಪು ಬರುತ್ತಿದ್ದುದು ಮರುದಿನ ಬೆಳಿಗ್ಗೆ, ಇಲ್ಲಿ ಅದು ಆ ಕ್ಷಣಕ್ಕೇ, ಸಾಲು ಸಾಲಿಗೆ ಬರುತ್ತದೆ. ಈ ಎರಡು ಪ್ರೇಕ್ಷಕವರ್ಗಗಳ ನಡುವೆ ಹಲವು ಕಡೆ ಒಂದು ರಸ್ತೆಯಷ್ಟೇ ಅಂತರ. ಮಾತುಕತೆ ಮಾತ್ರ ಇಲ್ಲ. 1993ರ ಗಲಭೆಯ ನಂತರದ ಭಟ್ಕಳದ ಬಗ್ಗೆ ಬಂದ ಬರಹಗಳಲ್ಲಿ ಸಿಂಹಪಾಲು ಹಿಂಸೆಯದು. ನವಾಯತಿ ಕವಿ ಏನು ಬರೆಯುತ್ತಾನೆ, ಸಭೆ ಯಾವ ಸಾಲಿಗೆ ಮುಕರ್ರರ್ ಎನ್ನುತ್ತದೆ ಎಂದು ಕನ್ನಡದ ಸಾಹಿತ್ಯ ಪತ್ರಿಕೆಗಳು ಕೇಳುವುದೇ ಅಪರೂಪ.

ಕುಮಟಾ ಕಡೆ ಇನ್ನೊಂದು ಬಗೆಯ ಮೌನವಿದೆ. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವನ್ನು ಈಗ ಸರ್ಕಾರಿ ಉತ್ಸವಗಳಿಗೆ, ಮೆರವಣಿಗೆಗಳಿಗೆ ಕರೆಸುತ್ತಾರೆ. ಹೋಳಿಯ ದಿನಗಳಲ್ಲಿ ತುರಾಯಿ ಕಟ್ಟಿ ಗುಮಟೆ, ಜಾಗಟೆಯೊಂದಿಗೆ ಮನೆಮನೆಗೆ ಹೋಗುತ್ತಿದ್ದ ಕುಣಿತಕ್ಕೆ ವೇದಿಕೆಯಲ್ಲಿ ಹತ್ತು ನಿಮಿಷ. ಎಲ್.ಆರ್. ಹೆಗಡೆ, ಎನ್.ಆರ್. ನಾಯಕ, ಶಾಂತಿ ನಾಯಕರಂಥವರು ಊರೂರು ತಿರುಗಿ ಈ ಭಾಗದ ಹಾಡು, ಕತೆಗಳನ್ನು ಸಂಗ್ರಹಿಸಿದ್ದರಿಂದ ನಮ್ಮ ಬಳಿ ಪಠ್ಯ ಉಳಿದಿದೆ. ಆದರೆ ಸುಗ್ಗಿ ತಂಡವೊಂದು ಈ ಬಾರಿ ಚೆನ್ನಾಗಿ ಕುಣಿಯಲಿಲ್ಲ ಎಂದು ಯಾರಾದರೂ ಬರೆದದ್ದುಂಟೆ? ಜಾನಪದ ಎಂಬ ಹೆಸರು ಬಿದ್ದ ಕೂಡಲೇ ಅದು ಒಳ್ಳೆಯದು–ಕೆಟ್ಟದ್ದರ ಆಚೆ ಹೋಗುತ್ತದೆ, ಉಳಿದಿದೆ ಎಂಬುದೇ ಅದರ ಗುಣವಾಗುತ್ತದೆ. ಇದು ಗೌರವದಂತೆ ಕಂಡರೂ ಕಲಾವಿದನನ್ನು ಕಲಾವಿದನೆಂದು ಒಪ್ಪದ ರೀತಿ. ಯಾವ ಕೊಪ್ಪದವರ ಹೆಜ್ಜೆ ಬಿಗಿ, ಯಾರ ಗುಮಟೆ ತಾಳಕ್ಕೆ ಹಿಂದೆ ಬೀಳುತ್ತದೆ ಎಂದು ಕುಣಿಯುವವರೇ ತಮ್ಮೊಳಗೆ ಆಡಿಕೊಳ್ಳುತ್ತಾರೆ. ಸಂಗ್ರಹಕಾರರ ಟೇಪಿನಲ್ಲಿ ಹಾಡು ಬಂತು, ಹಾಡಿನ ಪಕ್ಕದ ಈ ಮಾತು ಬರಲಿಲ್ಲ.

ಒಳ್ಳೆಯ ಯತ್ನಗಳಿಲ್ಲವೆಂದಲ್ಲ. ಗುಣವಂತೆಯ ಯಕ್ಷಾಂಗಣದಲ್ಲಿ ಶಂಭು ಹೆಗಡೆಯವರ ಹೆಸರಿನಲ್ಲಿ 2010ರಿಂದ ನಡೆದುಬಂದ ರಾಷ್ಟ್ರೀಯ ನಾಟ್ಯೋತ್ಸವದಿಂದಾಗಿ ಹೊನ್ನಾವರದ ಹಳ್ಳಿಯ ಪ್ರೇಕ್ಷಕರಿಗೆ ದೂರದ ನೃತ್ಯ, ನಾಟಕಗಳನ್ನು ತಮ್ಮ ಆಟದ ಪಕ್ಕದಲ್ಲಿಟ್ಟು ನೋಡುವ ಅವಕಾಶ ಸಿಕ್ಕಿದೆ. ಹೋಲಿಕೆಯ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಆಹಾರವಿಲ್ಲ. ಅಲ್ಲಿಯೂ ಮರುದಿನದ ವರದಿ ಮಾತ್ರ ಉದ್ಘಾಟಕರ ಭಾಷಣದ ಮೇಲೆಯೇ ಇರುತ್ತದೆ.

ಶಂಭು ಹೆಗಡೆಯವರು ತೀರಿಕೊಂಡದ್ದು 2009ರ ಫೆಬ್ರವರಿಯಲ್ಲಿ. ಇಡಗುಂಜಿಯ ತೇರಿನ ಆಟದಲ್ಲಿ ‘ಲವಕುಶ’ದ ರಾಮನಾಗಿ ರಂಗಸ್ಥಳದಲ್ಲಿದ್ದಾಗಲೇ ಅವರು ಅಸ್ವಸ್ಥರಾದರು. ಗೆಜ್ಜೆ ಕಟ್ಟಿಕೊಂಡೇ ಹೋದರು, ಕಲಾವಿದನಿಗೆ ಇದಕ್ಕಿಂತ ಪುಣ್ಯವಿಲ್ಲ ಎಂಬ ಮಾತನ್ನು ಈ ಮೂರು ತಾಲೂಕುಗಳಲ್ಲಿ ಕೇಳದವರಿಲ್ಲ. ಆ ರಾತ್ರಿಯ ಸಾವನ್ನು ಎಷ್ಟೋ ಜನ ವರ್ಣಿಸಬಲ್ಲರು. ಆ ರಾಮ ಹೇಗಿದ್ದ? ಹೆಂಡತಿಯನ್ನು ಕಾಡಿಗೆ ಕಳಿಸಿದ ಅರಸ, ತನ್ನ ಮಕ್ಕಳೆಂದು ತಿಳಿಯದೆ ಇಬ್ಬರು ಹುಡುಗರೆದುರು ಬಿಲ್ಲು ಹಿಡಿದು ನಿಲ್ಲಬೇಕಾದ ಆ ಪಾತ್ರದಲ್ಲಿ ಪಶ್ಚಾತ್ತಾಪ ಎಷ್ಟಿತ್ತು, ರಾಜತನ ಎಷ್ಟಿತ್ತು? ಯಾವ ಪದ್ಯಕ್ಕೆ ಅವರು ಮಾತು ಬಿಟ್ಟು ಸುಮ್ಮನೆ ನಿಂತರು? ಆ ತೇರಿಗೆ ಹೋಗಿ ನೆಲದ ಮೇಲೆ ಕೂತು ನೋಡಿದವರು ಇಡಗುಂಜಿ, ಮಂಕಿ, ಗುಣವಂತೆಗಳಲ್ಲಿ ಇನ್ನೂ ಇದ್ದಾರೆ. ನಮ್ಮ ವಯಸ್ಸಿನವರು ಹೋಗಿ ಕೇಳಬೇಕಾದ ಪ್ರಶ್ನೆ ಅದು. ಕೇಳಿ ಬರೆದುಕೊಳ್ಳುವಾಗ ‘ಅದ್ಭುತವಾಗಿತ್ತು’ ಎಂದು ಅವರು ನಿಲ್ಲಿಸಿದರೆ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿರಬೇಕು.