ಗುಂಗುರು ಕೂದಲಿನ ಎರಡು ಚಿತ್ರಗಳು

ಚಿತ್ರವಿಮರ್ಶೆಯ ಪುಟದಲ್ಲಿ ತಲೆಕೂದಲಿನ ಮಾತೇಕೆ ಎಂದು ಓದುಗರು ಹುಬ್ಬೇರಿಸಬಹುದು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಎಂಟು ವರ್ಷದ ಮೊಮ್ಮಗಳೊಬ್ಬಳಿದ್ದಾಳೆ. ಅವಳದು ನನ್ನ ತಾಯಿಯ ಕಡೆಯಿಂದ ಬಂದ ಗುಂಗುರು ಕೂದಲು. ಭಾನುವಾರ ತಲೆ ಬಾಚುವ ಹೊತ್ತಿಗೆ ಅವಳ ಅಳು ಮೇಲಿನ ಮಹಡಿಗೂ ಕೇಳುತ್ತದೆ. ಮೊನ್ನೆ, "ಅಜ್ಜಿ, ನನ್ನ ಕೂದಲನ್ನೂ ನೇರ ಮಾಡಿಸು" ಎಂದಳು. ಆ ಮಾತೇ ನನ್ನನ್ನು ಅಮೆರಿಕದ ಈ ಎರಡು ಚಿತ್ರಗಳ ಮುಂದೆ ಕೂರಿಸಿತು.

ಮೊದಲನೆಯದು 2009ರ 'ಗುಡ್ ಹೇರ್'. ತನಗೇಕೆ ಒಳ್ಳೆಯ ಕೂದಲಿಲ್ಲವೆಂದು ಪುಟ್ಟ ಮಗಳು ಕೇಳಿದ್ದರಿಂದ ಹಾಸ್ಯನಟ ಕ್ರಿಸ್ ರಾಕ್ ಕೈಗೊಂಡ ಸಾಕ್ಷ್ಯಚಿತ್ರವಿದು. ನಿರ್ದೇಶಕರು ಜೆಫ್ ಸ್ಟಿಲ್ಸನ್. ಅಲ್ಲಿನ ಕಪ್ಪು ವರ್ಣದ ಹೆಂಗಸರು ಗುಂಗುರು ನೇರವಾಗಲೆಂದು ಹಚ್ಚಿಕೊಳ್ಳುವ ಲೇಪದಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಎಂದರೆ ಕಾಸ್ಟಿಕ್ ಸೋಡ, ಇರುವುದುಂಟು. ಅದರಲ್ಲಿ ಅಲ್ಯೂಮಿನಿಯಂ ಡಬ್ಬಿ ಕರಗಿಹೋಗುವುದನ್ನು ತೋರಿಸುವ ದೃಶ್ಯವೊಂದಿದೆ. ಯಾವ ಉಪದೇಶಕ್ಕೂ ಇಲ್ಲದ ಬಲ ಅದಕ್ಕಿದೆ. ಚಿತ್ರ ತಿರುಪತಿಗೂ ಬರುತ್ತದೆ. ಹರಕೆ ತೀರಿತೆಂದು ನಾವು ಹಿಂದಿರುಗಿ ನೋಡದೆ ಬೆಟ್ಟವಿಳಿಯುತ್ತೇವೆ. ನಾವು ಕೊಟ್ಟ ಮುಡಿ ಸಮುದ್ರ ದಾಟಿ ಇನ್ನೊಬ್ಬಳ ತಲೆಯೇರುತ್ತದೆ. ಮೂರು ತಲೆಮಾರು ಮುಡಿ ಕೊಟ್ಟ ಮನೆಯವಳಾದ ನನಗೆ ಅದನ್ನು ನೋಡಿ ನಗು ಬರಲಿಲ್ಲ.

ಆದರೆ ಒಂದೂವರೆ ಗಂಟೆ ವ್ಯಾಪಾರವನ್ನೂ ವಿನೋದವನ್ನೂ ಬಿಚ್ಚಿಡುವ ಈ ಚಿತ್ರ, ಹುಟ್ಟಿದ ಗುಂಗುರನ್ನೇ ಇಟ್ಟುಕೊಂಡು ಬಾಳುವುದು ಹೇಗೆಂಬುದಕ್ಕೆ ತೀರ ಕಡಿಮೆ ಹೊತ್ತು ಕೊಡುತ್ತದೆ. ಮಗಳ ಪ್ರಶ್ನೆಗೆ ತಂದೆ ಊರೆಲ್ಲ ಸುತ್ತಿ ಬಂದರೂ ಅವಳ ತಲೆಯ ಮೇಲೆ ಕೈಯಿಡಲಿಲ್ಲವೆಂಬುದೇ ನನ್ನ ಆಕ್ಷೇಪ.

ಎರಡನೆಯದರಲ್ಲಿ ತಂದೆ ಕೈಯಿಡುತ್ತಾನೆ. ಮ್ಯಾಥ್ಯೂ ಚೆರಿ ಮತ್ತು ಜೊತೆಗಾರರ 'ಹೇರ್ ಲವ್' (2019) ಸುಮಾರು ಏಳು ನಿಮಿಷದ ಕಾರ್ಟೂನು; 2020ರಲ್ಲಿ ಆಸ್ಕರ್ ಪಡೆಯಿತು. ಮಾತು ಬಹಳ ಕಡಿಮೆ. ತಾಯಿ ಆಸ್ಪತ್ರೆಯಲ್ಲಿ, ಮಗಳು ಜೂರಿಯ ತಲೆ ತಂದೆಯ ಪಾಲಿಗೆ. ಅವನಿಗೆ ಅವಳ ಕೂದಲು ಎದುರಾಳಿಯಂತೆ ಕಾಣುತ್ತದೆ. ಕೈಸೋತು ಟೋಪಿ ಹಾಕಿಬಿಡುತ್ತಾನೆ. ಆ ಟೋಪಿಯ ಕೆಳಗಿನ ಮುಖವನ್ನು ನೋಡಿ ನನ್ನ ಕಣ್ಣು ಮಂಜಾಯಿತು. ಎಷ್ಟು ಭಾನುವಾರ ನಾನೂ ಬಿಗಿಯಾಗಿ ಜಡೆ ಹೆಣೆದು ಆ ಟೋಪಿಯನ್ನೇ ಹಾಕಿದ್ದೆನಲ್ಲ! ಕೊನೆಗೆ ತಾಯಿ ತೆಗೆದಿಟ್ಟ ವಿಡಿಯೊ ನೋಡಿ ತಂದೆ ಕಲಿಯುತ್ತಾನೆ. ತಾಯಿಯ ಬೋಳುತಲೆಯ ಕಡೆಯ ದೃಶ್ಯವನ್ನು ಹೇಳಿ ಕೆಡಿಸಲಾರೆ.

ಕೊರತೆ ಇಲ್ಲವೇ? ಇದೆ. ಸಿಕ್ಕು ಬಿಡಿಸುವ ನಿಧಾನವನ್ನು ಚಿತ್ರ ಹಾಡಿನ ಓಟದಲ್ಲಿ ದಾಟಿಬಿಡುತ್ತದೆ. ನಮ್ಮಂಥ ಮನೆಗಳಿಗೆ ಬೇಕಾದದ್ದೇ ಆ ನಿಧಾನ. ಗುಂಗುರೆಳೆ ಬಳುಕಿ ಬಳುಕಿ ಇಳಿಯುವುದರಿಂದ ನೆತ್ತಿಯ ಜಿಡ್ಡು ತುದಿಗೆ ತಲುಪದು. ತುದಿ ಒಣಗಿ ಒಂದಕ್ಕೊಂದು ತೊಡರಿಕೊಳ್ಳುತ್ತದೆ. ಒಣಗಿದ ಮೇಲೆ ಸಣ್ಣ ಹಲ್ಲಿನ ಬಾಚಣಿಗೆಯನ್ನು ನೆತ್ತಿಯಿಂದ ಎಳೆದರೆ ಸಿಕ್ಕುಗಳೆಲ್ಲ ಕೆಳಗೆ ಸೇರಿ ಗಂಟಾಗುತ್ತವೆ. ಒದ್ದೆಯಿದ್ದಾಗಲೇ, ಜಾರುವ ವಸ್ತು ಹಚ್ಚಿ, ನಾಲ್ಕು ಪಾಲು ಮಾಡಿ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಬುಡದ ಕಡೆಗೆ ಬರಬೇಕು. ಅಂಗಡಿಯ ಕಂಡೀಷನರ್ ಮಾಡುವ ಈ ಜಾರಿಕೆಯ ಕೆಲಸವನ್ನು ನಮ್ಮೂರಿನಲ್ಲಿ ದಾಸವಾಳದ ಎಲೆಯ ಗೊಂಪು ಮಾಡುತ್ತಿತ್ತು. ಅದರ ಲೋಳೆಯಲ್ಲಿ ಬೆರಳು ತಾನಾಗಿ ಇಳಿಯುತ್ತದೆ. ಮುಂಬಯಿಗೆ ಬಂದ ಮೇಲೆ ನಾವು ಗೊಂಪನ್ನು ಬಿಟ್ಟೆವು, ಸಣ್ಣ ಬಾಚಣಿಗೆಯನ್ನು ಮಾತ್ರ ತಂದೆವು. ತಲೆಯನ್ನು ಟವೆಲಿನಿಂದ ಉಜ್ಜುವುದೂ ಬೇಡ. ಹಳೆಯ ಪಂಚೆಯಲ್ಲಿ ಒತ್ತಿ ನೀರು ತೆಗೆದರೆ ಸಾಕು.

'ಹೇರ್ ಲವ್' ಚಿತ್ರವನ್ನು ಮೊಮ್ಮಗಳು ಮೂರು ಸಲ ನೋಡಿದಳು. ಮಗನೂ ಪತ್ರಿಕೆ ಮಡಚಿಟ್ಟು ಒಂದು ಸಲ ನೋಡಿದ. ಈಗ ಭಾನುವಾರ ಬಾಲ್ಕನಿಯ ಕುಂಡದಿಂದ ದಾಸವಾಳದ ಎಲೆ ಕಿತ್ತು ಕಿವುಚುವುದು ಅವನ ಕೆಲಸ. ಬೈತಲೆ ಇನ್ನೂ ಸೊಟ್ಟಗಿದೆ. ನೇರ ಮಾಡಿಸುವ ಮಾತು ಪೂರ್ತಿ ನಿಂತಿಲ್ಲ. ಮುಂದಿನ ವರ್ಷ ಕೇಳುತ್ತೇನೆ ಎಂದಿದ್ದಾಳೆ.