ಪಳೆಯುಳಿಕೆಯೋ, ಜೀವಂತ ಪರಂಪರೆಯೋ?

ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಬಸ್ಸಿಳಿದು ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ ನಡೆದರೆ ಹಳೆಯ ಕೋಟೆಯ ಒಂದು ಬಾಗಿಲೂ ಅದಕ್ಕೆ ಹೊಂದಿಕೊಂಡ ತುಸು ಗೋಡೆಯೂ ಕಾಣಸಿಗುತ್ತವೆ. ಹೈದರಾಲಿಯ ಕಾಲದಲ್ಲಿ ಕಲ್ಲಿನಿಂದ ಬಲಗೊಂಡ ಈ ಕೋಟೆ 1791ರ ಮಾರ್ಚ್ ತಿಂಗಳಿನಲ್ಲಿ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಮುಂದೆ ಊರು ಬೆಳೆದಂತೆ ಅದರ ಬಹುಭಾಗ ನೆಲಸಮವಾಯಿತು. ಅದೇ ಕಲಾಸಿಪಾಳ್ಯದ ಪಾರ್ಸೆಲ್ ಕಚೇರಿಗಳ, ವಾಹನ ಬಿಡಿಭಾಗಗಳ ಅಂಗಡಿಗಳ ಗದ್ದಲದ ನಡುವೆ, ಸೂರ್ಯಾಸ್ತಕ್ಕೆ ಮುನ್ನ ಊಟದ ಡಬ್ಬಿ ಬಿಚ್ಚುವ ಶ್ರಾವಕರನ್ನು ಇಂದಿಗೂ ಕಾಣಬಹುದು. ಹಾಗೆ ಉಣ್ಣಬೇಕೆಂದು ಅವರಿಗೆ ಯಾವ ಅರಸನ ಆಜ್ಞೆಯೂ ಇಲ್ಲ. ಕಲ್ಲಿನ ಕೋಟೆ ಉಳಿಯಲಿಲ್ಲ. ಅದಕ್ಕಿಂತ ಎಷ್ಟೋ ಹಳೆಯದಾದ ಒಂದು ಊಟದ ನಿಯಮ ಉಳಿದಿದೆ. ಇದು ಹೇಗೆ?

ನಾಗರಿಕತೆಗಳು ಏಕೆ ಅಳಿಯುತ್ತವೆ ಎಂಬ ಪ್ರಶ್ನೆಯನ್ನು ಕಳೆದ ಶತಮಾನದಲ್ಲಿ ವಿಸ್ತಾರವಾಗಿ ವಿವೇಚಿಸಿದವರಲ್ಲಿ ಆಂಗ್ಲ ಇತಿಹಾಸಕಾರ ಆರ್ನಲ್ಡ್ ಟಾಯ್ನ್‌ಬಿ ಪ್ರಮುಖರು. 1934ರಿಂದ 1961ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ಅವರ ಇತಿಹಾಸಗ್ರಂಥದ ಒಂದು ಮುಖ್ಯ ವಾದ ಹೀಗಿದೆ: ಕಾಲ ಒಡ್ಡುವ ಸವಾಲಿಗೆ ಹೊಸ ಉತ್ತರ ಕಂಡುಕೊಳ್ಳುವ ಸಮಾಜ ಬೆಳೆಯುತ್ತದೆ. ಅದರ ಮುಂದಾಳುಗಳು ಸೃಜನಶಕ್ತಿಯನ್ನು ಕಳೆದುಕೊಂಡು ಕೇವಲ ಅಧಿಕಾರದಿಂದ ಆಳತೊಡಗಿದಾಗ ಅದು ಒಳಗಿನಿಂದಲೇ ಕುಸಿಯುತ್ತದೆ. ಹೊರಗಿನ ಶತ್ರು ಬರುವುದು ಆಮೇಲೆ. ಇದು ಮನನಯೋಗ್ಯವಾದ ವಿಚಾರವೇ ಸರಿ. ಆದರೆ ಅಳಿದ ನಾಗರಿಕತೆಗಳ ನಡುವೆ ಉಳಿದುಬಂದ ಸಣ್ಣ ಸಮುದಾಯಗಳನ್ನು ಅವರು ‘ಪಳೆಯುಳಿಕೆ’ಗಳೆಂದು ಕರೆದರು. ಯಹೂದ್ಯರು, ಪಾರಸಿಗಳೊಂದಿಗೆ ಭಾರತದ ಜೈನರನ್ನೂ ಆ ಪಟ್ಟಿಯಲ್ಲಿ ಸೇರಿಸಿದರು.

ಮಾತು ನೋವುಂಟುಮಾಡುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ತರವಲ್ಲ. ಅನೇಕಾಂತವನ್ನು ನಂಬಿದವರು ಎದುರು ಪಕ್ಷದ ಮಾತಿನಲ್ಲಿರುವ ಸತ್ಯಾಂಶವನ್ನೂ ಅರಸಬೇಕು. ಆದ್ದರಿಂದ ನಮ್ಮ ನಾಡಿನ ಇತಿಹಾಸದಲ್ಲಿಯೇ ಈ ಮಾತನ್ನು ಒರೆಗೆ ಹಚ್ಚಿ ನೋಡೋಣ.

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ 972ರಲ್ಲಿ ಪರಮಾರರ ಲೂಟಿಗೆ ತುತ್ತಾಯಿತು. ಅಲ್ಪಕಾಲದಲ್ಲಿಯೇ ಆ ಸಾಮ್ರಾಜ್ಯ ಮುಗಿಯಿತು. ಗಂಗರ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಸುಮಾರು 981ರಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಕೆಲವೇ ದಶಕಗಳಲ್ಲಿ ಗಂಗರ ತಲಕಾಡು ಚೋಳರ ಪಾಲಾಯಿತು. ಅರಸೊತ್ತಿಗೆಗಳು ಹೋದವು, ಗೊಮ್ಮಟ ಉಳಿದ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಈ ಹೆಮ್ಮೆಯಲ್ಲಿ ಒಂದು ಮರೆವೂ ಇದೆ. ಹಂಪೆಯಲ್ಲಿ ವಿಜಯನಗರದ ದಂಡನಾಯಕ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಜಿನಾಲಯವಿದೆ. ಜನ ಅದನ್ನು ಗಾಣಗಿತ್ತಿ ಬಸದಿ ಎನ್ನುತ್ತಾರೆ. 1565ರ ಯುದ್ಧದ ಬಳಿಕ ರಾಜಧಾನಿ ಹಾಳಾಯಿತು. ಬಸದಿ ಇಂದು ಪ್ರವಾಸಿಗರು ನೋಡಿಹೋಗುವ ಸ್ಮಾರಕವಾಗಿ ನಿಂತಿದೆ. ಅದೇ ಸಾಮ್ರಾಜ್ಯದ ಆಳ್ವಿಕೆಯಲ್ಲಿದ್ದ ಬೆಳಗೊಳದಲ್ಲಿ ಪೂಜೆ ನಡೆಯುತ್ತಿದೆ. ಧರ್ಮ ಒಂದೇ, ತೀರ್ಥಂಕರರು ಅವರೇ. ಹಾಗಾದರೆ ‘ನಮ್ಮ ಧರ್ಮ ಶ್ರೇಷ್ಠ, ಆದ್ದರಿಂದ ಉಳಿಯಿತು’ ಎಂಬ ಉತ್ತರ ಸಾಲದು.

ಹೆಚ್ಚು ನಂಬಲರ್ಹವಾದ ಉತ್ತರ ಬೆಳಗೊಳದ 1368ರ ಶಾಸನವೊಂದರಲ್ಲಿದೆ. ಜೈನರಿಗೂ ವೈಷ್ಣವರಿಗೂ ವಿವಾದ ಬಂದಾಗ ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಈ ಪ್ರಸಂಗವನ್ನು ನಾವು ಸಭೆಗಳಲ್ಲಿ ಮತ್ತೆ ಮತ್ತೆ ಸ್ಮರಿಸುತ್ತೇವೆ. ಆದರೆ ಅದೇ ಶಾಸನದ ಮುಂದಿನ ಏರ್ಪಾಟನ್ನು ಸ್ಮರಿಸುವವರು ವಿರಳ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಸಂಗ್ರಹಿಸಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ನಡೆಸುವ ಹೊಣೆ ಹೊತ್ತವನು ತಿರುಮಲೆಯ ತಾತಯ್ಯ, ಒಬ್ಬ ವೈಷ್ಣವ.

ಇಲ್ಲಿ ಅರಸನ ಪಾತ್ರ ಸಂಧಾನಕ್ಕೆ ಸೀಮಿತ. ಖರ್ಚಿನ ಭಾರ ಹೊತ್ತದ್ದು ಸಾಮಾನ್ಯ ಶ್ರಾವಕನ ಮನೆ. ಕಾವಲಿಗೆ ನೆರವಾದದ್ದು ನೆರೆಯವನ ವಿಶ್ವಾಸ. ಒಬ್ಬ ದಂಡನಾಯಕನ ಔದಾರ್ಯದಿಂದ ರಾಜಧಾನಿಯ ನಡುವೆ ಎದ್ದ ಬಸದಿ ಆ ರಾಜಧಾನಿಯೊಡನೆ ಬರಿದಾಯಿತು. ಮನೆಮನೆಯ ಹಣಕ್ಕೂ ನೆರೆಹೊರೆಯ ಸೌಹಾರ್ದಕ್ಕೂ ತನ್ನನ್ನು ಒಪ್ಪಿಸಿಕೊಂಡ ಕ್ಷೇತ್ರವು ಸಾಮ್ರಾಜ್ಯ ಬಿದ್ದರೂ ಬೀಳಲಿಲ್ಲ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಪಾದ ಮುಟ್ಟದೆ, ಗುಳ್ಳಕಾಯಜ್ಜಿಯ ಪುಟ್ಟ ಕಾಯಿಯ ಹಾಲು ಮುಟ್ಟಿತೆಂಬ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು ಅಹಂಕಾರಭಂಗದ ನೀತಿಯನ್ನಷ್ಟೇ ಎತ್ತಿ ತೋರುತ್ತೇವೆ. ಅದರಲ್ಲಿ ಒಂದು ಸಮಾಜದ ಬಾಳಿಕೆಯ ಗುಟ್ಟೂ ಅಡಗಿದೆ.

ಟಾಯ್ನ್‌ಬಿಯವರ ಮಾತಿಗೆ ನಮ್ಮ ಆಕ್ಷೇಪ ಇರುವುದು ಇಲ್ಲಿಯೇ. ಅವರು ಸಮುದಾಯದ ಜೀವವನ್ನು ಸಾಮ್ರಾಜ್ಯ, ನಗರ, ಪ್ರಭುತ್ವಗಳ ಅಳತೆಗೋಲಿನಿಂದ ಅಳೆದರು. ಅಣುವ್ರತ, ಚತುರ್ವಿಧ ದಾನ, ರಾತ್ರಿಭೋಜನತ್ಯಾಗ ಮೊದಲಾದವು ಆ ಕೋಲಿಗೆ ಸಿಕ್ಕುವಂಥವಲ್ಲ. ಪಳೆಯುಳಿಕೆಗೆ ಆಕಾರವಿರುತ್ತದೆ, ಆಯ್ಕೆ ಇರುವುದಿಲ್ಲ. ವ್ರತವಾದರೋ ಪ್ರತಿದಿನವೂ ಹೊಸದಾಗಿ ಮಾಡಬೇಕಾದ ಆಯ್ಕೆ.

ಹೀಗೆಂದು ನಾವು ನಿಶ್ಚಿಂತರಾಗುವಂತಿಲ್ಲ. ಮೂಡುಬಿದಿರೆಯ ಧವಲ ಗ್ರಂಥಗಳ ಇತಿಹಾಸ ನಮಗೆ ಎಚ್ಚರಿಕೆಯಾಗಿದೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಧವಲಾ ಟೀಕೆ ಹಳೆಗನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲಿ ಉಳಿದುಬಂದಿತು. ಪೂಜ್ಯಭಾವವೇ ಅವುಗಳನ್ನು ಕಾಪಾಡಿತು ಎಂಬುದು ನಿಜ. ಆದರೆ ಬಹುಕಾಲ ಅವುಗಳಿಗೆ ದರ್ಶನ, ಆರತಿಗಳಿದ್ದವೇ ಹೊರತು ಓದುಗರಿರಲಿಲ್ಲ. ಪ್ರತಿಗಳನ್ನು ತೆಗೆದು, ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಅಚ್ಚಾಗತೊಡಗಿದ ಮೇಲೆಯೇ ಆ ಜ್ಞಾನ ಸಮಾಜಕ್ಕೆ ಮರಳಿ ದಕ್ಕಿತು. ಓದದೆ ಪೂಜಿಸಿದಷ್ಟು ಕಾಲ, ನೋವಾದರೂ ಒಪ್ಪಿಕೊಳ್ಳಬೇಕು, ಆ ಗ್ರಂಥದ ಮಟ್ಟಿಗೆ ನಾವು ಪಳೆಯುಳಿಕೆಯ ಕಾವಲುಗಾರರೇ ಆಗಿದ್ದೆವು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪರಂಪರೆ ಹೇಳುತ್ತದೆ. ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಆಕೆಗೆ ತಿಳಿದದ್ದನ್ನು ನಾವು ನಡುವೆ ಮರೆತೆವು.

ಇಂದು ಸ್ಥಿತಿ ಹೇಗಿದೆ? 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. ಇಷ್ಟು ಚಿಕ್ಕ ಸಮಾಜದಲ್ಲಿ ಒಂದೊಂದು ಮನೆಯೂ ಒಂದು ಕಂಬ. ನಾನು ಬಲ್ಲ ಒಂದು ಬಸದಿಯ ಟ್ರಸ್ಟಿನ ಸಭೆಯಲ್ಲಿ ಅಮೃತಶಿಲೆಯ ನೆಲಹಾಸಿಗೆ ಒಬ್ಬ ದಾನಿಯಿಂದಲೇ ಪೂರ್ಣ ಹಣ ಬಂದಿತು. ಸಭೆ ಅರ್ಧ ಗಂಟೆಯಲ್ಲಿ ಮುಗಿಯಿತು. ಮಕ್ಕಳ ಪಾಠಶಾಲೆಗೆ ವಾರಕ್ಕೊಮ್ಮೆ ಬಂದು ಕಲಿಸುವವರು ಬೇಕೆಂದಾಗ ಯಾರೂ ಕೈಯೆತ್ತಲಿಲ್ಲ. ಮೌನವಾಗಿ ಕುಳಿತವರಲ್ಲಿ ನಾನೂ ಒಬ್ಬ. ದಾನಿಗಳನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಆದರೆ ಒಬ್ಬರೇ ಎಲ್ಲವನ್ನೂ ಕೊಟ್ಟಾಗ ಉಳಿದ ಮನೆಗಳು ಕೊಡುವ ಅಭ್ಯಾಸವನ್ನೇ ಕಳೆದುಕೊಳ್ಳುತ್ತವೆ. ಮುಂದಾಳುಗಳು ಆಳುತ್ತಾರೆ, ಉಳಿದವರು ನೋಡುತ್ತಾರೆ. ಅವನತಿಯ ಲಕ್ಷಣವೆಂದು ಟಾಯ್ನ್‌ಬಿ ಹೇಳಿದ್ದು ಇದನ್ನೇ ಅಲ್ಲವೇ? ಅವರ ‘ಪಳೆಯುಳಿಕೆ’ ಎಂಬ ಮಾತನ್ನು ನಿರಾಕರಿಸೋಣ; ಈ ಎಚ್ಚರಿಕೆಯನ್ನು ಮಾತ್ರ ಸ್ವೀಕರಿಸೋಣ.

ಆದ್ದರಿಂದ ನಮ್ಮ ಟ್ರಸ್ಟುಗಳಲ್ಲಿ ನನ್ನದೊಂದು ವಿನಂತಿ. 1368ರ ಶಾಸನದ ‘ಮನೆಗೊಂದು ಹಣ’ವನ್ನು ಮತ್ತೆ ಜಾರಿಗೆ ತನ್ನಿರಿ. ಮೊತ್ತ ಎಷ್ಟೇ ಅಲ್ಪವಾಗಿರಲಿ, ಪ್ರತಿ ಮನೆಯಿಂದಲೂ ಬರಲಿ. ಅದು ಪಾಠಶಾಲೆಗೆ, ಗ್ರಂಥ ಪ್ರಕಟಣೆಗೆ, ಹಳ್ಳಿಗಳ ಜೀರ್ಣ ಬಸದಿಗಳಿಗೆ ಸಲ್ಲಲಿ. ಹಣ ಕೊಡಲಾಗದ ಮನೆ ವಾರಕ್ಕೊಂದು ಗಂಟೆಯನ್ನು ಕೊಡಲಿ. ಮೌನವಾಗಿ ಕುಳಿತಿದ್ದವನು ಮೊದಲು ಕೈಯೆತ್ತಬೇಕಾದದ್ದು ನ್ಯಾಯ. ಪಾಠಶಾಲೆಯ ಆ ಒಂದು ಗಂಟೆಯನ್ನು ನಾನು ಒಪ್ಪಿಕೊಂಡಿದ್ದೇನೆ. ಕಲಾಸಿಪಾಳ್ಯದ ಅಂಗಡಿಯಲ್ಲಿ ಹೊತ್ತು ಮುಳುಗುವ ಮುನ್ನ ಉಣ್ಣುವ ತಂದೆಯನ್ನು ಮಗ ‘ಏಕೆ?’ ಎಂದು ಕೇಳುತ್ತಾನೆ. ತಂದೆಯಲ್ಲಿ ಉತ್ತರವಿದ್ದರೆ ಆ ಮನೆಯಲ್ಲಿ ಪರಂಪರೆ ಜೀವಂತವಾಗಿದೆ. ಇಲ್ಲವಾದರೆ ಇನ್ನೊಂದು ತಲೆಮಾರಿನಲ್ಲಿ ಡಬ್ಬಿ ಮಾತ್ರ ಉಳಿದೀತು.