ಊರು, ಮ್ಯಾಸ ಮತ್ತು ನಮ್ಮ ಎಣಿಕೆ

ಎಡ್ಗರ್ ಥರ್ಸ್ಟನ್ ಸಾಹೇಬರು ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟಗಳನ್ನು ನಮ್ಮ ಸಂಶೋಧಕರು ಇಂದಿಗೂ ಕೈಬಿಟ್ಟಿಲ್ಲ. ಅದರಲ್ಲಿ ಬೋಯರನ್ನು ಕುರಿತ ಭಾಗವನ್ನು ಈಚೆಗೆ ಮತ್ತೆ ಓದಿದೆ. ಬಳ್ಳಾರಿ ಸೀಮೆಯ ಬೇಡರನ್ನು ಅಲ್ಲಿ ಎರಡಾಗಿ ವಿಂಗಡಿಸಿದೆ: ಊರವರು ಮತ್ತು ಮ್ಯಾಸದವರು, ಎಂದರೆ ಹುಲ್ಲುಗಾವಲಿನವರು. ಬರಹ ಬಹಳ ಅಚ್ಚುಕಟ್ಟು. ನನ್ನ ತಕರಾರೂ ಆ ಅಚ್ಚುಕಟ್ಟಿನ ಮೇಲೆಯೇ.

ಕೂಡ್ಲಿಗಿ ಕಡೆಯ ಮ್ಯಾಸಬೇಡರನ್ನೇ ನೋಡೋಣ. ಹಲವರ ಮನೆಮಾತು ತೆಲುಗು. ಕೊಟ್ಟೂರಿನ ತೇರಿಗೆ ಬಂದರೆ ಆಡುವುದು ಕನ್ನಡ. ಕೋಳಿಯನ್ನು ಮುಟ್ಟರು; ದೇವರ ಎತ್ತುಗಳನ್ನು ನೇಗಿಲಿಗೆ ಹೂಡದೆ ಸಾಕುವರು. ಹಾಗೆಂದು ಬರಿಯ ದನಗಾಹಿಗಳೂ ಅಲ್ಲ. ಹೊಲವುಂಟು, ಊರಿನಲ್ಲಿ ಮನೆಯುಂಟು. ತೆಲುಗರು ಬೋಯರೆಂದರು, ಕನ್ನಡಿಗರು ಬೇಡರೆಂದರು. 1991ರಲ್ಲಿ ಸರ್ಕಾರವು ನಾಯಕ, ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳನ್ನು ಒಂದೇ ಸಾಲಿನಲ್ಲಿಟ್ಟು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಶಾಲೆ, ನೌಕರಿಗಳ ಬಾಗಿಲು ತೆರೆಯಿತು. ಅದು ಸಣ್ಣ ಮಾತಲ್ಲ. ಆದರೆ ಮ್ಯಾಸದವರ ವಿಶೇಷ ಆ ಸಾಲಿನಲ್ಲಿ ಕಾಣದಾಯಿತು.

ನಾಡಿನ ಗಡಿಯೂ ಹೀಗೆಯೇ ಬಿದ್ದಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಭಾಷೆಯ ಲೆಕ್ಕದಲ್ಲಿ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಬಂದವು. ಕನ್ನಡಿಗರಾದ ನಮಗೆ ಅದು ಹಬ್ಬದ ದಿನವೇ ಸರಿ. ಆದರೆ ಮನೆಯಲ್ಲೊಂದು, ಸಂತೆಯಲ್ಲೊಂದು ನುಡಿಯುಳ್ಳವರನ್ನು ಯಾವ ಕಡೆಗೆ ಎಣಿಸಬೇಕು? ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಬಳ್ಳಾರಿಗೆ ಮರಳಿ, 2021ರಲ್ಲಿ ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮೊದಲಾದವುಗಳೊಡನೆ ವಿಜಯನಗರ ಜಿಲ್ಲೆಯನ್ನು ಸೇರಿತು.

ದೂರದ ಗ್ವಾಟೆಮಾಲದಲ್ಲಿಯೂ ಇದೇ ಪಾಡು. ಇಪ್ಪತ್ತಕ್ಕೂ ಮೇಲ್ಪಟ್ಟ ನುಡಿಗಳವರಿಗೆ ಅಲ್ಲಿ 'ಮಾಯಾ' ಎಂಬುದೊಂದೇ ಹೆಸರು. ಅವರಲ್ಲಿ ಉಡುಪು, ನುಡಿ ಬದಲಿಸಿದವರನ್ನು 'ಲದೀನೊ' ಎಂದು ಬೇರೆ ಎಣಿಸುವ ವಾಡಿಕೆ ಬೆಳೆಯಿತು.

ಇನ್ನು ಸಾಹಿತ್ಯದ ಮಾತು. ಗಾದ್ರಿ ಪಾಲನಾಯಕ, ಜಗಲೂರು ಪಾಪನಾಯಕ ಮೊದಲಾದ ಮ್ಯಾಸಬೇಡ ವೀರರ ಕಥನಗಳು ಕನ್ನಡದಲ್ಲಿ ಸಂಗ್ರಹವಾಗಿ ಅಚ್ಚಾಗಿವೆ. ದನದ ಹಿಂದೆ ನಡೆದವರೇ ಅಲ್ಲಿ ನಾಯಕರು, ಅವರೇ ದೇವರು. ಇವನ್ನು ಕನ್ನಡದ ಸೊತ್ತೆಂದು ಹೆಮ್ಮೆಪಡುವುದು ಯುಕ್ತವೇ. ಆದರೆ ಆ ವೀರರನ್ನು ಪೂಜಿಸುವ ಮನೆಗಳಲ್ಲಿ ತೆಲುಗೂ ಉಂಟೆಂಬುದನ್ನು ಅಡಿಟಿಪ್ಪಣಿಗೆ ತಳ್ಳಿದರೆ, ಥರ್ಸ್ಟನ್ನರ ಎಣಿಕೆಯನ್ನೇ ನಾವು ಮುಂದುವರಿಸಿದಂತಾಯಿತು. ಮುಂದಿನ ಸಂಪಾದಕರು ಹಾಡಿನ ನುಡಿಯೊಡನೆ ಹಾಡಿದವರ ಮನೆಮಾತನ್ನೂ ಮೊದಲ ಪುಟದಲ್ಲಿಯೇ ಬರೆದಿಡಲಿ. ಅದರಿಂದ ಕನ್ನಡಕ್ಕೆ ಕುಂದೇನೂ ಬಾರದು.